ಒರೆಸದೆ ಉಳಿದ ಎರಡು

ಕರಡಿಗುಡ್ಡ, ತುಂಗಭದ್ರೆಯ ಉತ್ತರ ದಂಡೆ
೨೩೯೧, ಫೆಬ್ರವರಿ ಮೂವತ್ತು

ಹಿಂದಿನ ಕಾಲದ ಹಿರಿಯರೇ,

ತಾರೀಖು ಕಂಡು ಗಾಬರಿಯಾಗಬೇಡಿ, ನಮ್ಮ ಪಂಚಾಂಗದಲ್ಲಿ ಅದಿದೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಹೊನ್ನೂರವ್ವನ ಮಗಳು ಪಂಪವ್ವ, ಈ ಗುಡ್ಡದ ಕನ್ನಡಿಗಟ್ಟೆಯವಳು. ಬಿಸಿಲನ್ನು ಕನ್ನಡಿಯಲ್ಲಿ ಮಿನುಗಿಸಿ, ಗುಡ್ಡದಿಂದ ಗುಡ್ಡಕ್ಕೆ ಸುದ್ದಿ ದಾಟಿಸುವುದು ನಮ್ಮ ಕಸುಬು.

ದಾರಿ ಆರಿಸುವ ಬಗೆಯನ್ನು ನಿಮ್ಮ ಇಂಟರ್ನೆಟ್ಟಿನ ರೂಟರ್ ಪೆಟ್ಟಿಗೆಗಳಿಂದಲೇ ಕಲಿತೆವು. ಪೂರ್ತಿ ದಾರಿ ಯಾರಿಗೂ ಗೊತ್ತಿರುವುದಿಲ್ಲ. ಯಾವ ಊರು ಎಷ್ಟು ಗುಡ್ಡ ದೂರವೆಂದು ದಿನಾ ಬೆಳಿಗ್ಗೆ ನೆರೆಯವರು ತಿಳಿಸುತ್ತಾರೆ. ಆ ಅಂಕಿಗೆ ‘ದಣಿವು’ ಎನ್ನುತ್ತೇವೆ, ಊರಿನ ಹೆಸರಿನ ಮುಂದೆ ಹಲಗೆಯಲ್ಲಿ ಬರೆದಿಡುತ್ತೇವೆ. ಒಳಗಿನ ಮಾತು ಓದದೆ, ಸೇರಬೇಕಾದ ಊರಷ್ಟೇ ನೋಡಿ, ದಣಿವು ಕಡಿಮೆಯಿದ್ದವರ ಕೈಗೆ ಸುದ್ದಿ ಕೊಡುತ್ತೇವೆ. ಪ್ರತಿ ಸುದ್ದಿಗೂ ಹದಿನೈದು ‘ಉಸಿರು’. ಗುಡ್ಡಕ್ಕೊಂದರಂತೆ ಕಳೆದು, ಮುಗಿದರೆ ಸುದ್ದಿ ಅಲ್ಲೇ ಸಾಯುತ್ತದೆ.

ಅವ್ವನ ತಂಗಿ, ನನ್ನ ಚಿಕ್ಕವ್ವ, ಬಿಳಿಗಲ್ಲು ಎಂಬ ಊರಿನಲ್ಲಿದ್ದಳು. ನಮ್ಮ ಹಲಗೆಯಲ್ಲಿ ಅದಕ್ಕೆ ದಣಿವು ಎರಡು. ಅಕ್ಕನೊಂದಿಗೆ ಜಗಳವಾಡಿ ಆರು ವರ್ಷ ಮಾತು ಬಿಟ್ಟವಳು ಒಂದು ದಿನ “ಬರ್ಲೇನಕ್ಕಾ?” ಎಂದು ಕೇಳಿದಳು. ಅಂದೇ ನಡುವಿನ ಗುಡ್ಡದ ಗೋಪುರ ಕುಸಿದು ಆ ದಾರಿ ಮುಚ್ಚಿತು. ಆ ಎರಡನ್ನು ಅವ್ವ ಒರೆಸಬೇಕಿತ್ತು. ಬಳಗದ ಊರನ್ನು ಹಲಗೆಯಿಂದ ಒರೆಸುವುದು ನಮ್ಮಲ್ಲಿ ಅಪಶಕುನ. ಅವಳಿಗೆ ಕೈ ಬರಲಿಲ್ಲ. ಪಕ್ಕದ ಹದ್ದಿನಗುಡ್ಡದ ರಾಜಾಸಾಬರು ಬಿಳಿಗಲ್ಲಿಗೆ ಮೂರು ಎನ್ನುತ್ತಿದ್ದರು. “ಬಾ ತಂಗಿ, ಲಗೂನ ಬಾ” ಎಂಬ ಉತ್ತರವನ್ನು ಅವ್ವ ಅವರಿಗೆ ದಾಟಿಸಿದಳು. ಆ ಮೂರು ನಮ್ಮ ಎರಡನ್ನು ನಂಬಿ, ಒಂದು ಕೂಡಿಸಿ ಹೇಳಿದ್ದು! ಅವರು ಉತ್ತರವನ್ನು ನಮಗೇ ಹಿಂದಿರುಗಿಸಿದರು. ಅವ್ವನ ಕರೆ ಎರಡು ಗುಡ್ಡಗಳ ನಡುವೆ ಅಲೆದು ಉಸಿರು ಕಳೆದುಕೊಂಡಿತು. ಹೊಳೆಯ ಸುತ್ತಿನಲ್ಲಿ ಏಳು ದಣಿವಿನ ದಾರಿ ತೆರೆದೇ ಇತ್ತು. ನಮ್ಮ ಎರಡನ್ನು ಕಂಡವರು ಅದನ್ನೇಕೆ ಹಿಡಿದಾರು?

ಚಿಕ್ಕವ್ವ ಒಂದು ಬೇಸಿಗೆ ಕಾದಳಂತೆ. ಆಮೇಲೆ “ಅಕ್ಕಗ ನಾ ಬ್ಯಾಡಾದೆ” ಎಂದು ದೋಣಿಯವರೊಡನೆ ಹೋದವಳು ಮತ್ತೆ ಸಿಗಲಿಲ್ಲ. ಅವ್ವ ಸಾಯುವವರೆಗೂ ಆ ಹಲಗೆಗೆ ಬೆನ್ನು ಹಾಕಿಯೇ ಉಂಡಳು.

ಈಗ ನನ್ನ ಮೊಣಕಾಲು ಗುಡ್ಡ ಹತ್ತಲು ಒಪ್ಪುತ್ತಿಲ್ಲ. ನಾಳೆ ಕನ್ನಡಿಗಟ್ಟೆ ಮುಚ್ಚುತ್ತೇನೆ. ಅವ್ವ ಕನ್ನಡಿ ಉಜ್ಜುತ್ತ ಗುನುಗುತ್ತಿದ್ದ ಬೆಳಗುಗಳು ನೆನಪಾಗಿ ಅಳು ಬರುತ್ತದೆ. ನಮ್ಮ ಗುಡ್ಡದ ಹೆಸರನ್ನು ಹಲಗೆಯಿಂದ ಒರೆಸೆಂದರೆ, ಈಗ ಹದ್ದಿನಗುಡ್ಡ ನೋಡಿಕೊಳ್ಳುವ ರಾಜಾಸಾಬರ ಮಗಳು ಮಾಬಿ, “ಇರ್ಲಿ ಬಿಡಕ್ಕಾ, ನನ್ನ ಕೈಲಿ ಆಗಂಗಿಲ್ಲ” ಎಂದು ನಾಲ್ಕು ದಿನ ಹಟ ಹಿಡಿದಳು. ಚಿಕ್ಕವ್ವನ ಕತೆ ಮತ್ತೆ ಹೇಳಿದೆ.

ನಿಮ್ಮಲ್ಲೂ ಯಾವುದಾದರೂ ದಾರಿ ಮುಚ್ಚಿದ್ದರೆ, ಎಷ್ಟೇ ಪ್ರೀತಿಯದಿರಲಿ, ನೆರೆಯವರಿಗೆ ಹೇಳಿಬಿಡಿ. ಇಷ್ಟೇ ನನ್ನ ಕೋರಿಕೆ.

ಇಂದು ಬೆಳಿಗ್ಗೆ ಮಾಬಿಯ ಕನ್ನಡಿ ಎಲ್ಲ ಊರುಗಳ ದಣಿವು ಹೇಳಿತು. ಕೊನೆಯವರೆಗೂ ನೋಡಿದೆ. ಕರಡಿಗುಡ್ಡದ ಹೆಸರು ಬರಲಿಲ್ಲ.

ಪಂಪವ್ವ