ಓರಿನ್ ಕೊಟ್ಟ ಕೋವಿಮದ್ದು

ಲೂಯಿಸ್‌ಟೌನ್, ಮೊಂಟಾನಾ
ಜೂನ್ 9, 2011

ಪ್ರೀತಿಯ ಓರಿನ್,

ನಿನ್ನ ಮಾರ್ಚ್ ತಿಂಗಳ ಕಾಗದಕ್ಕೆ ಜೂನ್‌ನಲ್ಲಿ ಉತ್ತರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಪೂರ್ತಿ ಓದಿ ಆಮೇಲೆ ಬೈ. ನಾನು ಚೆನ್ನಾಗಿದ್ದೇನೆ. ಮಣಿಕಟ್ಟಿನ ನೋವು ಹಾಗೇ ಇದೆ. ಹಿತ್ತಲಿನ ರುಬಾರ್ಬ್ ಗಿಡ ಬೇಲಿ ದಾಟಿದೆ; ಅದರ ಹುಳಿ ದಂಟಿನ ಪೈ ವಾರಕ್ಕೆರಡು ತಿಂದರೂ ಮುಗಿಯುತ್ತಿಲ್ಲ.

ಮುಖ್ಯ ಸುದ್ದಿ ನಮ್ಮ ಪಿಸ್ತೂಲ್ ಕ್ಲಬ್ಬಿನದು. ಎರಡು ವರ್ಷದ ಹಿಂದೆ ನೀನು ಕೋವಿಮದ್ದಿನ ದೊಡ್ಡ ಡಬ್ಬ ಕೊಂಡು ಅರ್ಧ ನನಗೆ ಕೊಟ್ಟೆ. ಅದನ್ನು ಹಾಕಿ ಗ್ಯಾರೇಜಿನಲ್ಲಿ ನಾನು ತುಂಬಿದ ತೋಟಾಗಳೆಲ್ಲ ಮಸಿ ಕಾರಿದವು. "ಓರಿನ್ ಕೊಟ್ಟಿದ್ದು ಮದ್ದಲ್ಲ ಕಣ್ರೋ, ಒಲೆ ಬೂದಿ!" ಎಂದು ಶನಿವಾರದ ತಿಂಡಿಯ ಹೊತ್ತಿನಲ್ಲಿ ಎಲ್ಲರೆದುರು ಅಂದೆ. ನೀನು ಪಿಸ್ತೂಲನ್ನು ಪೆಟ್ಟಿಗೆಗೆ ಹಾಕಿ ಹೊರಟುಹೋದೆ. ಮೈಲ್ಸ್ ಸಿಟಿಗೆ ಮನೆ ಬದಲಿಸಿದ್ದೂ ನನಗೆ ಬೇರೆಯವರಿಂದ ತಿಳಿಯಿತು.

ಈಗ ಮಾರ್ಲಿಸ್ ಎಂಬುವಳು ಕ್ಲಬ್ಬಿಗೆ ಸೇರಿದ್ದಾಳೆ. ದಂತವೈದ್ಯರ ಬಳಿ ಮೂವತ್ತು ವರ್ಷ ಊರಿನವರ ಹಲ್ಲು ತಿಕ್ಕಿದವಳು. ಹೋದ ತಿಂಗಳು ನನ್ನ ಪಿಸ್ತೂಲು ಉಗುಳಿದ ಹಿತ್ತಾಳೆಯ ಖಾಲಿ ತೋಟಾ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು.

"ಏನಪ್ಪಾ ವರ್ಲಿನ್, ಇದು ತಂಬಾಕು ಜಗಿಯುತ್ತಾ?"

"ಮದ್ದೇ ಕೊಳಕು. ನಾನೇನ್ ಮಾಡ್ಲಿ?"

"ಒಳಗೆ ಕಪ್ಪಾದ್ರೆ ಮದ್ದಿನ ಮೇಲೆ ಹಾಕು. ಹೊರಗೆ ಯಾಕಪ್ಪ ಕಪ್ಪು? ಎಷ್ಟು ತುಂಬ್ತೀಯಾ?"

ಹೇಳಿದೆ.

"ಮದ್ದಿನ ಅಳತೆ ಪುಸ್ತಕದಲ್ಲಿರೋ ಕನಿಷ್ಠಕ್ಕಿಂತ ಕಮ್ಮಿ! ಪುಸ್ತಕ ನೋಡಿದ್ಯಾ?"

"ನಲವತ್ತು ವರ್ಷದಿಂದ ತುಂಬ್ತಿದೀನಿ ಕಣಮ್ಮ."

"ಹಂಗಾದ್ರೆ ಪುಸ್ತಕ ನೋಡಿ ನಲವತ್ತು ವರ್ಷ ಆಯ್ತು ಅನ್ನು."

ಅವಳು ಹೇಳಿದ್ದು ನಿಜ. ಮಣಿಕಟ್ಟಿಗೆ ಒದೆತ ಕಡಿಮೆಯಾಗಲೆಂದು ನಾನು ಮದ್ದನ್ನು ಚೂರುಚೂರೇ ಇಳಿಸುತ್ತ ಬಂದಿದ್ದೆ. ಒತ್ತಡ ಸಾಲದಿದ್ದರೆ ಹಿತ್ತಾಳೆ ಹಿಗ್ಗಿ ಪಿಸ್ತೂಲಿನ ಒಳಗೋಡೆಗೆ ಬಿಗಿಯಾಗಿ ಕೂರುವುದಿಲ್ಲ. ಹೊಗೆ ಸಂದಿಯಿಂದ ಹಿಂದಕ್ಕೆ ನುಗ್ಗಿ ಹೊರಮೈಗೆ ಮಸಿ ಬಳಿಯುತ್ತದೆ. ಮರುವಾರ ಡಬ್ಬದಲ್ಲಿ ಉಳಿದಿದ್ದ ನಿನ್ನದೇ ಮದ್ದನ್ನು ಪುಸ್ತಕದ ಅಳತೆಗೆ ತುಂಬಿ ಐವತ್ತು ಗುಂಡು ಹೊಡೆದೆ. ಐವತ್ತು ಖಾಲಿ ತೋಟಾಗಳೂ ಹಳದಿಯಾಗಿಯೇ ಬಿದ್ದವು. ಮಣಿಕಟ್ಟು ಸಂಜೆಯವರೆಗೆ ನೋಯಿತು, ನೋಯಲಿ. ಅದೇ ಶನಿವಾರದ ಗುಂಪಿನೆದುರು ನಿಂತು, "ಓರಿನ್ ಮದ್ದು ಸರಿಯಾಗೇ ಇತ್ತು, ಬೂದಿ ಇದ್ದಿದ್ದು ನನ್ನ ತಲೇಲಿ" ಎಂದು ಹೇಳಿದೆ. ಹೇಳಿದ ಮೇಲೆ ಹೊಟ್ಟೆ ಹಗುರಾಗಿ ಎರಡು ಪ್ಯಾನ್‌ಕೇಕ್ ಹೆಚ್ಚೇ ತಿಂದೆ.

ಸೆಪ್ಟೆಂಬರ್‌ನಲ್ಲಿ ಜೋಡಿ ಸ್ಪರ್ಧೆಯಿದೆ. ನನ್ನ ಜೊತೆಗೆ ಇನ್ನೂ ಯಾರ ಹೆಸರನ್ನೂ ಬರೆಸಿಲ್ಲ. ನೀನು ಬರಬೇಕು, ಓರಿನ್. ನೀನು ಪಕ್ಕದಲ್ಲಿಲ್ಲದೆ ಆ ಸಾಲಿನಲ್ಲಿ ನಿಲ್ಲಲು ನನಗೆ ಮನಸ್ಸಿಲ್ಲ.

ದೇವರು ನಿನ್ನ ಕಣ್ಣನ್ನೂ ಕೈಯನ್ನೂ ಗಟ್ಟಿಯಾಗಿಟ್ಟಿರಲಿ.

ನಿನ್ನ
ವರ್ಲಿನ್

ತಾ.ಕ.: ಫೆಬ್ರವರಿಯಲ್ಲಿ ನಿನ್ನ ಹೆಂಡತಿ ಆರ್ಡಿಸ್ ತೀರಿಕೊಂಡಾಗ, ಹಿಮ ಬಿದ್ದು ರಸ್ತೆ ಮುಚ್ಚಿದೆ, ಬರಲಾರೆ ಎಂದು ಫೋನಿನಲ್ಲಿ ಹೇಳಿದ್ದೆ. ರಸ್ತೆ ತೆರೆದೇ ಇತ್ತು. ಕರಿ ಕೋಟು ಹಾಕಿಕೊಂಡು ಗ್ರಾಸ್ ರೇಂಜಿನ ಪೆಟ್ರೋಲ್ ಬಂಕ್‌ವರೆಗೆ ಬಂದು ತಿರುಗಿ ಹೋದೆ. ಮದ್ದಿನ ವಿಷಯದಲ್ಲಿ ನಾನೇ ಸರಿ ಎಂದು ಆಗ ಖಾತ್ರಿಯಿತ್ತು. ನೀನು ಇಲ್ಲಿದ್ದಷ್ಟು ವರ್ಷ ಪ್ರತಿ ಶನಿವಾರ ನನಗೂ ಸ್ಯಾಂಡ್‌ವಿಚ್ ಕಟ್ಟಿ ಕಳಿಸುತ್ತಿದ್ದವಳನ್ನು ಮಣ್ಣಿಗಿಡುವ ದಿನವೂ ನನಗೆ ಅದೇ ದೊಡ್ಡದಾಗಿತ್ತು.