ಕರೆಂಟು ಹೋದಾಗ ಕೇಳಿಸಿದ ಗರ್ಜನೆ

ಬನಹಟ್ಟಿ, ಶನಿವಾರ

ಅಕ್ಕಾ, ನಮಸ್ಕಾರ!

ಅಜ್ಜಿಯ ಮುದ್ದೆ-ಬಸ್ಸಾರಿನ ಹೋಟೆಲನ್ನು ಈ ರೊಟ್ಟಿಯ ಸೀಮೆಯಲ್ಲಿ ಮಹಾವೈಭವದಿಂದ ತೆರೆದೆ. ಮೂರು ದಿನ ಉಂಡವನು ನಾನೊಬ್ಬನೇ! ಬಾಗಿಲಲ್ಲಿ ನಿಂತು ಕಂಪನಿ ನಾಟಕದ ರಾಜನಂತೆ "ಎಲೈ ಹಸಿದವರೇ, ಬನ್ನಿರಿ!" ಎಂದು ಗರ್ಜಿಸಿದೆ. ಬೀದಿ ತುಂಬ ಪವರ್‌ಲೂಮಿನ ಸದ್ದು; ನನ್ನ ಗರ್ಜನೆ ನನಗೇ ಕೇಳಿಸಲಿಲ್ಲ. ಹೀಗಾದರೆ ಈ ವಾರವೇ ಬೀಗ ಎಂದುಕೊಂಡೆ.

ನಾಲ್ಕನೆಯ ದಿನ ಗರ್ಜನೆಯ ನಡುವೆಯೇ ಕರೆಂಟು ಹೋಗಿ ಮಗ್ಗಗಳೆಲ್ಲ ಗಪ್ಪಾದವು. ನೇಕಾರರು ಗಾಬರಿಯಿಂದ ಓಡಿಬಂದರು. ಎದುರುಮನೆಯ ಶೇವಂತಿಬಾಯಿ, "ಯಾರ್ನ ಬಡ್ಯಾಕತ್ತೀರ್ರೀ?" ಎಂದರು.

"ಊಟಕ್ಕೆ ಕರೆದೆ, ತಾಯಿ."

ನಕ್ಕು ನಕ್ಕು ಎಲ್ಲರೂ ಒಳಗೆ ಬಂದು ಕುಳಿತರು. "ಈ ಉಂಡಿ ಅಗೀಬೇಕೋ, ನುಂಗಬೇಕೋ?" ಎಂದು ಕೇಳಿದರು. ನುಂಗಿ ತೋರಿಸಲು ಹೋಗಿ ನಾನೇ ಕೆಮ್ಮಿ ಕಣ್ಣೀರಿಟ್ಟೆ. ಅವರು ಅಗಿದೇ ತಿಂದು, ಸಾರನ್ನು ಎರಡೆರಡು ಸಲ ಹಾಕಿಸಿಕೊಂಡರು.

ಗಂಟಲು ಕಟ್ಟಿದೆ, ಅದಕ್ಕೇ ಫೋನಲ್ಲ, ಕಾರ್ಡು. ಹತ್ತು ಕಿಲೋ ರಾಗಿಹಿಟ್ಟು ಬಸ್ಸಿಗೆ ಹಾಕು.

ಇವತ್ತು ಕರೆಂಟಿದ್ದರೂ ಹನ್ನೆರಡು ಜನ ಬಂದರು. ನಾನು ಸ್ವಾಗತಕ್ಕೆ ಬಾಯಿ ತೆರೆಯುವಷ್ಟರಲ್ಲಿ ಶೇವಂತಿಬಾಯಿ ಕೈ ಮುಗಿದು, "ದಿನಾ ಬರ್ತೇವ್ರಿ, ನೀವು ಒದರಲಿಲ್ಲಂದ್ರ!" ಎಂದರು.

ಬಾಯಿ ಮುಚ್ಚಿಕೊಂಡು ಬಡಿಸುತ್ತಿರುವ ನಿನ್ನ ತಮ್ಮ,
ಗೋವಿಂದರಾಜು