ಒಂದೇ ಹಾಡು ಎರಡು ಸಲ

ಅಕ್ಕಾ,

ಹಾರ್ಡ್ ಡಿಸ್ಕ್ ಕಿತ್ತು ಚೀಲಕ್ಕೆ ಹಾಕಿಕೊಳ್ಳುತ್ತಲೇ ಇದನ್ನು ಗೀಚುತ್ತಿದ್ದೇನೆ. ರಿಪೇರಿಯವನ ಹತ್ತಿರ ಹೊರಟೆ. ಆಸೆ ಇಟ್ಕೋಬೇಡಿ ಅಂತ ಫೋನಿನಲ್ಲೇ ಹೇಳಿಬಿಟ್ಟ.

ನಿನ್ನ ಹೊಸ ಸಾಫ್ಟ್‌ವೇರ್ ಒಳ್ಳೆಯದೇ, ಇಲ್ಲ ಅನ್ನುವುದಿಲ್ಲ. ಹಾಡುಗಳೆಲ್ಲ ಅಕಾರಾದಿಯಾಗಿ ಕೂತಿವೆ. ಅಡುಗೆಮನೆಯಲ್ಲಿ ಶುರುವಾದದ್ದು ಹಾಲ್‌ನಲ್ಲಿ ಮುಂದುವರಿಯುತ್ತದೆ. ಆದರೆ ಒಂದೇ ಹಾಡು ಎರಡು ಸಲ ಇದ್ದರೆ ಸ್ಪಷ್ಟವಾಗಿರುವುದನ್ನು ಉಳಿಸಿಕೊಂಡು ಇನ್ನೊಂದನ್ನು ಅಳಿಸಿಹಾಕುತ್ತದೆ. ಅಮ್ಮ ಬಟ್ಟೆ ಮಡಚುತ್ತಾ ಹಾಡಿದಾಗ ರೆಕಾರ್ಡ್ ಮಾಡಿಕೊಂಡದ್ದೆಲ್ಲ ಅದರ ಪಾಲಿಗೆ ‘ಇನ್ನೊಂದು’. ನೀನೋ, ಅವಕ್ಕೆ ಸಿನಿಮಾ ಹಾಡಿನ ಹೆಸರನ್ನೇ ಕೊಟ್ಟು ಸೇರಿಸಿದ್ದೆ. ಪಕ್ಕದಲ್ಲಿ ‘ಅಮ್ಮ’ ಅಂತ ಬರೆದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಬೈಯುತ್ತಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂದದ್ದು ಇಬ್ಬರಿಗೂ.

ನಿನ್ನ ಫೋನಿನಲ್ಲಿ ಆ ಸಾಫ್ಟ್‌ವೇರ್ ತೆರೆಯಬೇಡ. ಅಲ್ಲೇನಾದರೂ ಉಳಿದಿದ್ದರೆ ಅದನ್ನೂ ನುಂಗೀತು.

ಅಪ್ಪನ ಮಾತ್ರೆ ಕಿಟಕಿಯ ಬಳಿ ಇದೆ, ಊಟವಾದ ಮೇಲೆ ಕೊಡು. ಸ್ಪೀಕರ್ ಪಕ್ಕದ ಕುರ್ಚಿ ಬಿಟ್ಟು ಏಳುತ್ತಿಲ್ಲ, ಬಲವಂತ ಮಾಡಬೇಡ. ಅಮ್ಮ ಹೋದಾಗಿನಿಂದ ದಿನಾ ಕೇಳುವಂತೆ ಇವತ್ತೂ ಅವಳ ಹಾಡು ಹಾಕು ಅಂದರು. ಹಾಕಿದೆ. ಯಾರೋ ಗಾಯಕಿ, ಹಿಂದೆ ಪಿಟೀಲು.

“ಯಾರಪ್ಪಾ ಇವಳು?” ಅಂದರು. “ನಿಮ್ಮಮ್ಮ ಇಲ್ಲಿ ಕೆಮ್ತಾಳೆ. ಇವಳು ಕೆಮ್ಮಲೇ ಇಲ್ಲ.”

“ಅದೇ ಹಾಡು ಅಪ್ಪಾ. ಇದು ಇನ್ನೂ ಚೆನ್ನಾಗಿ ಕೇಳ್ಸುತ್ತೆ. ಪೂರ್ತಿ ಕೇಳಿ” ಅಂದೆ.

“ಬೇಡ” ಅಂದರು.